ದಂತವೈದ್ಯ ವಿದ್ಯಾರ್ಥಿಗಳಿಗೆ ಫೊರೆನ್ಸಿಕ್ ದಂತಶಾಸ್ತ್ರ: ಏನನ್ನು ಕಲಿಸಬೇಕು, ಏನನ್ನು ಬಿಡಬೇಕು?

ಪ್ರಶ್ನೆ — ಓರಲ್ ಪೆಥಾಲಜಿ ಬೋಧಕಿ

ಎಲ್ಲರಿಗೂ ನಮಸ್ಕಾರ. ಅಂತಿಮ ವರ್ಷದ ದಂತವೈದ್ಯ ವಿದ್ಯಾರ್ಥಿಗಳಿಗೆ ಫೊರೆನ್ಸಿಕ್ ದಂತಶಾಸ್ತ್ರದ (ಕಾನೂನು ತನಿಖೆಗೆ ನೆರವಾಗುವ ದಂತವಿಜ್ಞಾನದ) ಪಾಠಗಳನ್ನು ಹೊಸದಾಗಿ ರೂಪಿಸುವ ಹೊಣೆಯನ್ನು ವಿಭಾಗವು ನನಗೆ ವಹಿಸಿದೆ. ಇದುವರೆಗೆ ನಡೆದುಬಂದ ಕ್ರಮ ಇಲ್ಲಿರುವ ಬಹುತೇಕರಿಗೆ ಪರಿಚಿತವಾದದ್ದೇ: ಸ್ವಲ್ಪ ಇತಿಹಾಸ, ಹಲ್ಲುಗಳಿಂದ ಮೃತರ ಗುರುತು ಪತ್ತೆ, ವಯಸ್ಸಿನ ಅಂದಾಜು, ಕಚ್ಚಿದ ಗುರುತುಗಳು, ತುಟಿಯಚ್ಚು, ಅಂಗುಳದ ಗೆರೆಗಳು, ಕೊನೆಯಲ್ಲಿ ನ್ಯಾಯಾಲಯದ ಸಾಕ್ಷ್ಯದ ಬಗ್ಗೆ ಎರಡು ಮಾತು. ಎಲ್ಲವೂ ಉಪನ್ಯಾಸದಲ್ಲೇ ಮುಗಿಯುತ್ತದೆ. ವಿದ್ಯಾರ್ಥಿಗಳು ವ್ಯಾಖ್ಯೆಗಳನ್ನೂ ವರ್ಗೀಕರಣಗಳನ್ನೂ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮರೆತುಬಿಡುತ್ತಾರೆ.

ನನ್ನ ತೊಡಕು ಏನೆಂದರೆ, ಈ ವಿಷಯಕ್ಕೆ ಸಿಗುವ ಗಂಟೆಗಳು ಬಹಳ ಕಡಿಮೆ, ಮತ್ತು ಆ ಗಂಟೆಗಳಲ್ಲಿ ಹೆಚ್ಚಿನ ಪಾಲನ್ನು ಕಚ್ಚಿದ ಗುರುತುಗಳೇ ನುಂಗುತ್ತವೆ. ಟಿ.ವಿ. ಧಾರಾವಾಹಿಗಳನ್ನು ನೋಡಿ ಬಂದ ವಿದ್ಯಾರ್ಥಿಗಳಿಗೆ ಅದರಲ್ಲಿಯೇ ಆಸಕ್ತಿ; ಬೋಧಕರಿಗೂ ಅದು ಸುಲಭವಾಗಿ ರಂಜಿಸುವ ಪಾಠ. ಆದರೆ ನಮ್ಮ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನ ಮುಂದೆ ಕ್ಲಿನಿಕ್ ನಡೆಸುವವರು, ಶವಾಗಾರದ ಮೆಟ್ಟಿಲನ್ನು ಒಮ್ಮೆಯೂ ಹತ್ತದೆ ವೃತ್ತಿಜೀವನ ಮುಗಿಸುವವರು. ಅಂಥವರಿಗೆ ಈ ವಿಷಯದಿಂದ ದಕ್ಕಬೇಕಾದ ಕೌಶಲ ಯಾವುದು? ಶವಪರೀಕ್ಷೆಯ ಅವಕಾಶವಿಲ್ಲದೆ ಅರ್ಥಪೂರ್ಣವಾದ ಪ್ರಾಯೋಗಿಕ ತರಗತಿಯನ್ನು ನಡೆಸಲು ಸಾಧ್ಯವೇ? ಕಚ್ಚಿದ ಗುರುತುಗಳ ಪಾಠವನ್ನು ಪೂರ್ತಿಯಾಗಿ ಕೈಬಿಡಬೇಕೇ, ಉಳಿಸಿಕೊಂಡರೆ ಯಾವ ರೀತಿಯಲ್ಲಿ ಹೇಳಬೇಕು? ಈ ಕ್ಷೇತ್ರದಲ್ಲಿ ಕೆಲಸ ಮಾಡಿರುವವರೂ ಪಾಠ ಮಾಡಿರುವವರೂ ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ — ವಿಪತ್ತು ಮೃತರ ಗುರುತು ಪತ್ತೆ ತಂಡದಲ್ಲಿರುವ ದಂತವೈದ್ಯ

ಮೇಡಂ, ನಿಮ್ಮ ಪ್ರಶ್ನೆಯಲ್ಲಿಯೇ ಉತ್ತರದ ಅರ್ಧ ಭಾಗ ಇದೆ. ಸಾಮಾನ್ಯ ದಂತವೈದ್ಯ ಮರಣೋತ್ತರ ಪರೀಕ್ಷೆಯನ್ನು ಮಾಡುವುದಿಲ್ಲ ಎಂಬುದು ನಿಜ. ಆದರೆ ಮರಣಪೂರ್ವ ದಾಖಲೆಯನ್ನು ಆತ ಪ್ರತಿದಿನವೂ ತಯಾರಿಸುತ್ತಿರುತ್ತಾನೆ, ಅದು ಮುಂದೊಂದು ದಿನ ಗುರುತು ಪತ್ತೆಗೆ ಬೇಕಾದೀತು ಎಂಬ ಅರಿವಿಲ್ಲದೆಯೇ ತಯಾರಿಸುತ್ತಿರುತ್ತಾನೆ. ಹಲ್ಲಿನ ಮೂಲಕ ಗುರುತು ಹಿಡಿಯುವ ಕೆಲಸವೆಂದರೆ ಎರಡು ದಾಖಲೆಗಳನ್ನು ತಾಳೆ ನೋಡುವ ಕೆಲಸ. ಶವಾಗಾರದಲ್ಲಿ ಎಷ್ಟೇ ನುರಿತ ತಜ್ಞರಿದ್ದರೂ ಕ್ಲಿನಿಕ್‌ನಿಂದ ಬಂದ ಕಾಗದದಲ್ಲಿ ಏನೂ ಇಲ್ಲದಿದ್ದರೆ ಅವರು ಕೈಕಟ್ಟಿ ಕುಳಿತಿರಬೇಕಾಗುತ್ತದೆ. ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಈ ವಿಷಯದ ಕೇಂದ್ರ ದಾಖಲೆ. ಮಿಕ್ಕದ್ದೆಲ್ಲ ಅದರ ಸುತ್ತ ಬರಬೇಕು.

ಇತಿಹಾಸದ ಪಾಠವನ್ನೂ ಈ ದೃಷ್ಟಿಯಿಂದಲೇ ಹೇಳಬಹುದು. 1775ರಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಮಡಿದ ಜೋಸೆಫ್ ವಾರನ್ ಅವರ ದೇಹವನ್ನು ಮರುವರ್ಷ ಹೊರತೆಗೆದಾಗ ಗುರುತಿಸಿದ್ದು ಪಾಲ್ ರಿವಿಯರ್. ವಾರನ್ ಬಾಯಲ್ಲಿ ತಂತಿಯಿಂದ ಕೃತಕ ಹಲ್ಲನ್ನು ಕೂರಿಸಿದ್ದವರು ಸ್ವತಃ ಅವರೇ. 1849ರಲ್ಲಿ ಬಾಸ್ಟನ್ನಿನಲ್ಲಿ ಜಾರ್ಜ್ ಪಾರ್ಕ್‌ಮನ್ ಕೊಲೆಯಾದಾಗ ಕುಲುಮೆಯಲ್ಲಿ ಸಿಕ್ಕ ಕೃತಕ ಹಲ್ಲುಗಳ ತುಣುಕುಗಳನ್ನು ದಂತವೈದ್ಯ ನೇಥನ್ ಕೀಪ್ ಗುರುತಿಸಿದರು, ಏಕೆಂದರೆ ಆ ಹಲ್ಲಿನ ಸೆಟ್ಟನ್ನು ತಯಾರಿಸಲು ತೆಗೆದಿದ್ದ ದವಡೆಯ ಪ್ಲಾಸ್ಟರ್ ಅಚ್ಚನ್ನು ಅವರು ಎಸೆಯದೆ ಇಟ್ಟುಕೊಂಡಿದ್ದರು. 1897ರಲ್ಲಿ ಪ್ಯಾರಿಸ್‌ನ ದತ್ತಿ ಸಂತೆಯೊಂದರಲ್ಲಿ ಬೆಂಕಿ ಬಿದ್ದು ನೂರಿಪ್ಪತ್ತಕ್ಕೂ ಹೆಚ್ಚು ಜನ ಸತ್ತಾಗ, ಮೈಮೇಲಿನ ಬಟ್ಟೆ ಒಡವೆಗಳಿಂದ ಗುರುತಾಗದೆ ಉಳಿದ ದೇಹಗಳನ್ನು ಅವರವರ ದಂತವೈದ್ಯರೇ ಬಂದು ಗುರುತಿಸಿದರು. ಅಲೆನ್ಸೋನ್ ಡಚೆಸ್ ಅವರ ಗುರುತು ಸಿಕ್ಕಿದ್ದೂ ಹೀಗೆಯೇ. ಈ ಘಟನೆಯನ್ನು ಆಧರಿಸಿ ಮರುವರ್ಷ ಗ್ರಂಥ ಬರೆದ ಆಸ್ಕರ್ ಅಮೊಯೆಡೊ ಅವರನ್ನು ಈ ಶಾಸ್ತ್ರದ ಪಿತಾಮಹ ಎಂದು ಪಠ್ಯಗಳು ಕರೆಯುತ್ತವೆ, ಆದರೆ ಗುರುತು ಹಿಡಿದವರ ಸಾಲಿನಲ್ಲಿ ಅವರು ಇರಲಿಲ್ಲ. ಮೂರು ಘಟನೆಗಳಲ್ಲಿಯೂ ಕೆಲಸಕ್ಕೆ ಬಂದದ್ದು ಚಿಕಿತ್ಸೆ ಕೊಟ್ಟವರ ನೆನಪು ಮತ್ತು ದಾಖಲೆ. 2004ರ ಸುನಾಮಿಯ ನಂತರ ಥಾಯ್ಲೆಂಡ್‌ನಲ್ಲಿ ಆರಂಭದ ತಿಂಗಳುಗಳಲ್ಲಿ ಗುರುತಾದವರ ಪೈಕಿ ಹೆಚ್ಚಿನವರು ಹಲ್ಲುಗಳಿಂದಲೇ ಗುರುತಾದರು. ಆದರೆ ಅವರಲ್ಲಿ ವಿದೇಶಿ ಪ್ರವಾಸಿಗರೇ ಬಹಳ. ಸ್ಥಳೀಯರಲ್ಲಿ ಹಲವರಿಗೆ ಹಲ್ಲಿನ ದಾಖಲೆಗಳೇ ಇಲ್ಲದ್ದರಿಂದ ಬೆರಳಚ್ಚು ಮತ್ತಿತರ ಮಾರ್ಗಗಳನ್ನು ಹಿಡಿಯಬೇಕಾಯಿತು. ಅಲೆ ಎಲ್ಲರ ಮೇಲೂ ಒಂದೇ ರೀತಿ ಬಂದಿತ್ತು, ದಾಖಲೆಗಳು ಹಾಗಿರಲಿಲ್ಲ.

ಇನ್ನು ಪ್ರಾಯೋಗಿಕ ತರಗತಿಗೆ ಬರೋಣ. ನಾನು ಸೂಚಿಸುವ ಮೊದಲ ಅಭ್ಯಾಸಕ್ಕೆ ಶವವೂ ಬೇಡ, ಖರ್ಚೂ ಇಲ್ಲ. ವಿದ್ಯಾರ್ಥಿಗಳು ಹಿಂದಿನ ವರ್ಷ ಕ್ಲಿನಿಕ್‌ನಲ್ಲಿ ತಾವೇ ಬರೆದ ಕೇಸ್‌ಶೀಟ್‌ಗಳನ್ನು, ರೋಗಿಯ ಹೆಸರು ವಿಳಾಸಗಳನ್ನು ಮರೆಮಾಡಿ, ಅವರ ಕೈಗೇ ಕೊಡಿ. ಅದರಲ್ಲಿರುವಷ್ಟೇ ಮಾಹಿತಿಯಿಂದ ಆ ವ್ಯಕ್ತಿಯ 32 ಹಲ್ಲುಗಳ ಪೂರ್ಣ ಚಾರ್ಟನ್ನು ತುಂಬಲು ಹೇಳಿ. ‘ಕೆಳಗಿನ ದವಡೆಹಲ್ಲಿಗೆ ಫಿಲ್ಲಿಂಗ್ ಮಾಡಲಾಗಿದೆ’ ಎಂದು ಬರೆದಿರುತ್ತದೆ. ಎಡಗಡೆಯೋ ಬಲಗಡೆಯೋ, ಮೊದಲನೆಯದೋ ಎರಡನೆಯದೋ, ಹಲ್ಲಿನ ಯಾವ ಮೈಗೆ, ಯಾವ ವಸ್ತುವಿನಿಂದ ಎಂಬುದೊಂದೂ ಇರುವುದಿಲ್ಲ. ಅಂದು ಚಿಕಿತ್ಸೆಯಾದ ಹಲ್ಲನ್ನು ಬಿಟ್ಟರೆ ಬಾಯಿಯಲ್ಲಿ ಬೇರೆ ಹಲ್ಲುಗಳಿದ್ದವೇ ಎಂದು ಕೇಳುವಂತಿರುತ್ತದೆ. ಮೊದಲ ಭೇಟಿಯಲ್ಲೇ ಇಡೀ ಬಾಯಿಯನ್ನು ಏಕೆ ಚಾರ್ಟ್ ಮಾಡಬೇಕು ಎಂಬುದನ್ನು ಉಪನ್ಯಾಸದಲ್ಲಿ ಎಷ್ಟು ಹೇಳಿದರೂ ಹತ್ತದ್ದು ಈ ಒಂದು ಅಭ್ಯಾಸದಲ್ಲಿ ಹತ್ತುತ್ತದೆ.

ಇದರ ಜೊತೆಯಲ್ಲೇ ಹಲ್ಲಿನ ಸಂಖ್ಯಾಪದ್ಧತಿಯನ್ನು ಸ್ಪಷ್ಟವಾಗಿ ನಮೂದಿಸುವ ಅಭ್ಯಾಸವನ್ನು ಮಾಡಿಸಬೇಕು. ಎಫ್‌ಡಿಐ (ವಿಶ್ವ ದಂತವೈದ್ಯ ಒಕ್ಕೂಟದ) ಪದ್ಧತಿಯಲ್ಲಿ 16 ಎಂದರೆ ಮೇಲಿನ ಬಲಭಾಗದ ಮೊದಲ ದವಡೆಹಲ್ಲು. ಅಮೆರಿಕದಲ್ಲಿ ಬಳಸುವ ಯುನಿವರ್ಸಲ್ ಪದ್ಧತಿಯಲ್ಲಿ ಅದೇ 16 ಮೇಲಿನ ಎಡಭಾಗದ ಮೂರನೆಯ ದವಡೆಹಲ್ಲು. ಬೇರೆ ದೇಶದಿಂದ ಬಂದ ಕಡತದಲ್ಲಿ ಬರೀ ಸಂಖ್ಯೆಯಿದ್ದು ಪದ್ಧತಿಯ ಹೆಸರಿಲ್ಲದಿದ್ದರೆ ಎಂಥ ಗೊಂದಲವಾಗಬಹುದೆಂದು ಪ್ರತ್ಯೇಕವಾಗಿ ವಿವರಿಸಬೇಕಾಗಿಲ್ಲ. ಎಕ್ಸ್-ರೇಗಳ ವಿಷಯವೂ ಹೀಗೆಯೇ. ಹಳೆಯ ಫಿಲ್ಮಿನಲ್ಲಿ ಒಂದು ಉಬ್ಬಿದ ಚುಕ್ಕೆ ಇರುತ್ತದೆ. ಉಬ್ಬು ನೋಡುವವರ ಕಡೆಗಿದ್ದರೆ ಎಡ ಬಲ ತಿಳಿಯುತ್ತದೆ. ಆ ಫಿಲ್ಮನ್ನು ತಿರುವಿಟ್ಟು ಸ್ಕ್ಯಾನ್ ಮಾಡಿದರೆ, ಅಥವಾ ನಕಲು ತೆಗೆಯುವಾಗ ಚುಕ್ಕೆ ಅಳಿಸಿಹೋದರೆ, ಬಲದ ಹಲ್ಲು ಎಡಕ್ಕೆ ಹೋಗುತ್ತದೆ. ಒಂದು ತಿರುವಿದ ಎಕ್ಸ್-ರೇಯನ್ನು ಬೇಕೆಂದೇ ಅಭ್ಯಾಸದ ಕಡತದೊಳಗೆ ಸೇರಿಸಿಡಿ. ಅದನ್ನು ಪತ್ತೆಹಚ್ಚುವ ವಿದ್ಯಾರ್ಥಿ ಮುಂದೆಂದೂ ಗುರುತು ಹಾಕದ ಎಕ್ಸ್-ರೇಯನ್ನು ಕಡತಕ್ಕೆ ಸೇರಿಸಲಾರ.

ಎರಡನೆಯ ಅಭ್ಯಾಸ ತಾಳೆ ನೋಡುವುದು. ಇಂಟರ್‌ಪೋಲ್ ಮಾದರಿಯ ನಮೂನೆಗಳನ್ನೇ ಬಳಸಿ. ಮರಣಪೂರ್ವ ಮಾಹಿತಿಗೆ ಹಳದಿ, ಮರಣೋತ್ತರ ಮಾಹಿತಿಗೆ ಗುಲಾಬಿ ಬಣ್ಣದವು. ಇಲ್ಲಿ ಮುಖ್ಯವಾದ ಒಂದು ಮಾತನ್ನು ಹೇಳಬೇಕು. ಬಹಳಷ್ಟು ಕಡೆ ಹತ್ತು ಹಳದಿ ಕಡತ, ಹತ್ತು ಗುಲಾಬಿ ಕಡತಗಳನ್ನು ಕೊಟ್ಟು ಜೋಡಿಸಲು ಹೇಳುತ್ತಾರೆ. ಇದು ಹೊಂದಿಸಿ ಬರೆಯುವ ಪ್ರಶ್ನೆಯಾಯಿತೇ ಹೊರತು ಗುರುತು ಪತ್ತೆಯಾಗಲಿಲ್ಲ. ಒಂಬತ್ತು ಜೋಡಿ ಆದ ಮೇಲೆ ಹತ್ತನೆಯದನ್ನು ಯಾರೂ ಬಿಡಿಸಿ ನೋಡುವುದೇ ಇಲ್ಲ, ‘ಉಳಿದವರು ಇವರೇ’ ಎಂದು ಮುಗಿಸುತ್ತಾರೆ. ನಿಜವಾದ ವಿಪತ್ತಿನಲ್ಲಿ ಕಾಣೆಯಾದವರ ಪಟ್ಟಿಯೂ ಸಿಕ್ಕ ದೇಹಗಳ ಸಂಖ್ಯೆಯೂ ಹೊಂದುವುದೇ ಇಲ್ಲ. ಆದ್ದರಿಂದ ಯಾವ ದೇಹಕ್ಕೂ ಸೇರದ ಕಡತಗಳನ್ನೂ, ಯಾವ ಕಡತಕ್ಕೂ ಸೇರದ ದೇಹವೊಂದನ್ನೂ ಕಡ್ಡಾಯವಾಗಿ ಇಡಿ. ಯಾವುದು ಎಷ್ಟೆಂದು ಮುಂಚಿತವಾಗಿ ಹೇಳಬೇಡಿ.

ವ್ಯತ್ಯಾಸಗಳನ್ನು ಅಳೆಯುವ ಬಗೆಯನ್ನು ಕಲಿಸಲು ಇದೇ ಸರಿಯಾದ ಜಾಗ. ಕಡತದಲ್ಲಿ ಇದ್ದ ಹಲ್ಲು ದೇಹದಲ್ಲಿ ಇಲ್ಲದಿದ್ದರೆ ಅದಕ್ಕೆ ವಿವರಣೆಯಿದೆ, ಆಮೇಲೆ ಕೀಳಿಸಿಕೊಂಡಿರಬಹುದು. ಕಡತದಲ್ಲಿ ಚಿಕ್ಕ ಫಿಲ್ಲಿಂಗ್ ಇದ್ದು ದೇಹದಲ್ಲಿ ಕ್ಯಾಪ್ ಇದ್ದರೂ ಅಷ್ಟೇ. ಆದರೆ ಕಡತದ ಪ್ರಕಾರ ಕಿತ್ತುಹಾಕಿದ ಹಲ್ಲು ದೇಹದಲ್ಲಿ ಗಟ್ಟಿಯಾಗಿ ಕುಳಿತಿದ್ದರೆ ಇವರಿಬ್ಬರು ಒಬ್ಬರಲ್ಲ. ಇಲ್ಲಿಗೆ ಪಾಠ ಮುಗಿಸುವವರು ಒಂದು ಮುಖ್ಯ ತಿರುವನ್ನು ಬಿಟ್ಟುಬಿಡುತ್ತಾರೆ. ಚಿಕ್ಕ ವಯಸ್ಸಿನಲ್ಲಿ ಮೊದಲ ದವಡೆಹಲ್ಲನ್ನು ತೆಗೆಸಿಕೊಂಡವರಲ್ಲಿ ಎರಡನೆಯದು ಮುಂದಕ್ಕೆ ಸರಿದು ಆ ಜಾಗವನ್ನು ತುಂಬಿಕೊಂಡಿರುತ್ತದೆ. ಒಬ್ಬ ವೈದ್ಯರು ಅದನ್ನು ಮೊದಲನೆಯದೆಂದು, ಮತ್ತೊಬ್ಬರು ಎರಡನೆಯದೆಂದು ಬರೆದಿರುತ್ತಾರೆ. ಕಾಗದದ ಮೇಲೆ ಅದು ವಿವರಿಸಲಾಗದ ವ್ಯತ್ಯಾಸ. ಎಕ್ಸ್-ರೇಯಲ್ಲಿ ಬೇರುಗಳ ಆಕಾರವನ್ನು ನೋಡಿದರೆ ಅದೇ ಹಲ್ಲು. ಎಷ್ಟು ಅಂಶಗಳು ಹೊಂದಿದರೆ ಗುರುತು ಖಚಿತ ಎಂದು ವಿದ್ಯಾರ್ಥಿಗಳು ಕೇಳಿಯೇ ಕೇಳುತ್ತಾರೆ. ಅಂಥ ಕನಿಷ್ಠ ಸಂಖ್ಯೆಯಿಲ್ಲ. ವಿಶಿಷ್ಟವಾದ ಒಂದೇ ರೂಟ್ ಕೆನಾಲ್ ಚಿಕಿತ್ಸೆಯ ಎಕ್ಸ್-ರೇ ಸಾಕಾಗಬಹುದು, ಎಲ್ಲರ ಬಾಯಲ್ಲೂ ಇರುವಂಥ ಹತ್ತು ಸಾಧಾರಣ ಅಂಶಗಳು ಸಾಲದೆ ಹೋಗಬಹುದು. ತೀರ್ಮಾನವನ್ನು ಖಚಿತ ಗುರುತು, ಸಂಭವನೀಯ ಗುರುತು, ಸಾಕಷ್ಟು ಆಧಾರವಿಲ್ಲ, ಈ ವ್ಯಕ್ತಿಯಲ್ಲ ಎಂಬ ನಾಲ್ಕರಲ್ಲೊಂದಾಗಿ ಬರೆಸಿ, ಕಾರಣವನ್ನೂ ಬರೆಸಿ.

ಮರಣೋತ್ತರ ಪರೀಕ್ಷೆಯ ತಂತ್ರಗಳನ್ನು ಚುಟುಕಾಗಿ ಹೇಳಿದರೆ ಸಾಕು. ಸುಟ್ಟ ಹಲ್ಲುಗಳು ಮುಟ್ಟಿದರೆ ಉದುರುತ್ತವೆ, ಆದ್ದರಿಂದ ದೇಹವನ್ನು ಕದಲಿಸುವ ಮೊದಲೇ ಫೋಟೊ ತೆಗೆದು, ಅಂಟು ದ್ರಾವಣದಿಂದ ಅವನ್ನು ಗಟ್ಟಿಗೊಳಿಸಬೇಕು. ಹಲ್ಲಿನ ಬಣ್ಣದ್ದೇ ಆದ ಕಾಂಪೋಸಿಟ್ ಫಿಲ್ಲಿಂಗ್‌ಗಳು ಬರಿಗಣ್ಣಿಗೆ ತಪ್ಪಿಹೋಗುತ್ತವೆ, ಅತಿನೇರಳೆ ಟಾರ್ಚ್ ಹಿಡಿದರೆ ಅವುಗಳಲ್ಲಿ ಹೆಚ್ಚಿನವು ಹೊಳೆದು ಕಾಣುತ್ತವೆ. ಸತ್ತ ಮೇಲೆ ಉದುರಿದ ಹಲ್ಲಿನ ಗೂಡು ಚೂಪಾದ ಅಂಚಿನೊಡನೆ ಖಾಲಿಯಾಗಿರುತ್ತದೆ, ಬದುಕಿದ್ದಾಗ ಕಿತ್ತದ್ದಾದರೆ ಮೂಳೆ ತುಂಬಿರುತ್ತದೆ. ಒಬ್ಬರು ನೋಡಿ ಹೇಳುವುದು, ಇನ್ನೊಬ್ಬರು ಬರೆಯುವುದು, ಆಮೇಲೆ ಸ್ಥಾನ ಬದಲಿಸಿ ಮತ್ತೆ ಪರೀಕ್ಷಿಸುವುದು ನಿಯಮ. ಇದನ್ನು ಕಿತ್ತ ಹಲ್ಲುಗಳನ್ನು ಕೂರಿಸಿದ ಮಾದರಿ ದವಡೆಗಳ ಮೇಲೆ ಅಭ್ಯಾಸ ಮಾಡಿಸಬಹುದು.

ಉತ್ತರ — ನ್ಯಾಯಾಲಯಗಳಲ್ಲಿ ತಜ್ಞ ಸಾಕ್ಷ್ಯ ನುಡಿದಿರುವ ಬೋಧಕ

ಹಿಂದಿನ ಉತ್ತರವನ್ನು ಬರೆದವರ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ಕಚ್ಚಿದ ಗುರುತುಗಳ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಅದರಲ್ಲಿ ಮೆತ್ತಗೆ ಮಾತಾಡುವ ಕಾಲ ಮುಗಿದಿದೆ.

ಪಾಠವನ್ನು ಕೈಬಿಡಬೇಡಿ, ಅದರ ದಿಕ್ಕನ್ನು ತಿರುಗಿಸಿ. ಹಳೆಯ ಪಾಠ ಮೂರು ನಂಬಿಕೆಗಳ ಮೇಲೆ ನಿಂತಿತ್ತು: ಪ್ರತಿಯೊಬ್ಬರ ಮುಂದಿನ ಹಲ್ಲುಗಳ ಜೋಡಣೆ ಅನನ್ಯ, ಆ ಅನನ್ಯತೆ ಚರ್ಮದ ಮೇಲೆ ಸರಿಯಾಗಿ ಮೂಡುತ್ತದೆ, ಮೂಡಿದ್ದನ್ನು ತಜ್ಞರು ಸರಿಯಾಗಿ ಓದಬಲ್ಲರು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 2009ರಲ್ಲಿ, ಅಲ್ಲಿನ ಅಧ್ಯಕ್ಷರ ವಿಜ್ಞಾನ ಸಲಹಾ ಮಂಡಳಿ 2016ರಲ್ಲಿ ಈ ವಿಧಾನದ ವೈಜ್ಞಾನಿಕ ಆಧಾರವನ್ನು ಕಟುವಾಗಿ ಪ್ರಶ್ನಿಸಿದವು. ಟೆಕ್ಸಸ್‌ನ ಫೊರೆನ್ಸಿಕ್ ವಿಜ್ಞಾನ ಆಯೋಗವು 2016ರಲ್ಲಿಯೇ ಇಂಥ ಸಾಕ್ಷ್ಯವನ್ನು ನ್ಯಾಯಾಲಯಗಳಲ್ಲಿ ಬಳಸುವುದನ್ನು ತಡೆಹಿಡಿಯಲು ಶಿಫಾರಸು ಮಾಡಿತು. ಅದೇ ದೇಶದ ಅಳತೆ ಮತ್ತು ಮಾನಕಗಳ ಸಂಸ್ಥೆ 2022ರಲ್ಲಿ ಹೊರತಂದ ಕರಡು ಪರಿಶೀಲನಾ ವರದಿ ಮೇಲಿನ ಮೂರು ನಂಬಿಕೆಗಳಿಗೂ ಸಾಕಷ್ಟು ಪುರಾವೆಯಿಲ್ಲವೆಂದು ಹೇಳಿತು. ಚರ್ಮ ಅಚ್ಚು ತೆಗೆಯುವ ಮೇಣವಲ್ಲ. ಅದು ಹಿಗ್ಗುತ್ತದೆ, ಬಾಯುತ್ತದೆ, ಮೈ ತಿರುಗಿದಂತೆ ಆಕಾರ ಬದಲಿಸುತ್ತದೆ. ಒಂದೇ ಹಲ್ಲಿನ ಸಾಲನ್ನು ಒಂದೇ ದೇಹದ ಎರಡು ಕಡೆ ಒತ್ತಿದರೆ ಎರಡು ಬೇರೆ ಗುರುತುಗಳು ಮೂಡುತ್ತವೆ. ಕಂಡದ್ದು ಮನುಷ್ಯ ಕಚ್ಚಿದ ಗುರುತೇ ಹೌದೋ ಎಂಬ ಮೊದಲ ಪ್ರಶ್ನೆಯಲ್ಲಿಯೇ ಅನುಭವಿ ತಜ್ಞರ ನಡುವೆ ಒಮ್ಮತ ಬರುವುದಿಲ್ಲ.

ರೇ ಕ್ರೋನ್ ಪ್ರಕರಣವನ್ನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳಿ. ಅರಿಜೋನದಲ್ಲಿ ನಡೆದ ಕೊಲೆಯೊಂದರಲ್ಲಿ ಮುಖ್ಯವಾಗಿ ಕಚ್ಚಿದ ಗುರುತಿನ ಸಾಕ್ಷ್ಯದ ಮೇಲೆ ಅವರನ್ನು 1992ರಲ್ಲಿ ಅಪರಾಧಿಯೆಂದು ತೀರ್ಮಾನಿಸಿ ಮರಣದಂಡನೆ ವಿಧಿಸಲಾಯಿತು. ಮರುವಿಚಾರಣೆಯಲ್ಲೂ ಅಪರಾಧಿಯೆಂಬ ತೀರ್ಪೇ ಬಂತು. 2002ರಲ್ಲಿ ಡಿಎನ್‌ಎ ಪರೀಕ್ಷೆ ಬೇರೊಬ್ಬನನ್ನು ತೋರಿಸಿದ ಮೇಲೆ ಅವರು ಬಿಡುಗಡೆಯಾದರು. ಸಾಕ್ಷಿ ಹೇಳಿದ ದಂತವೈದ್ಯರು ಸುಳ್ಳು ಹೇಳಬೇಕೆಂದು ಬಂದವರಲ್ಲ ಎಂಬುದನ್ನೂ ಸೇರಿಸಿ ಹೇಳಿ. ತಮ್ಮ ಕಣ್ಣಿಗೆ ಕಂಡ ಹೋಲಿಕೆಯನ್ನು ಪೂರ್ಣ ವಿಶ್ವಾಸದಿಂದ ಹೇಳಿದರು. ಆ ವಿಶ್ವಾಸಕ್ಕೆ ತಕ್ಕ ಬುನಾದಿ ಶಾಸ್ತ್ರದಲ್ಲಿಯೇ ಇರಲಿಲ್ಲ.

ಹಾಗಾದರೆ ಉಳಿಸಿಕೊಳ್ಳಬೇಕಾದದ್ದು ಏನು? ಕಚ್ಚಿದ ಗಾಯವೆಂದು ಅನುಮಾನ ಬಂದಾಗ ಕ್ರಮವಾಗಿ ಏನು ಮಾಡಬೇಕೆಂಬುದು. ಮೊದಲು ಎಂಜಲಿನ ಮಾದರಿ: ಶುದ್ಧ ನೀರಿನಿಂದ ಒದ್ದೆ ಮಾಡಿದ ಸ್ವ್ಯಾಬ್, ಅದರ ಹಿಂದೆಯೇ ಒಣ ಸ್ವ್ಯಾಬ್, ಎರಡನ್ನೂ ಒಣಗಿಸಿ ಕಳಿಸಬೇಕು. ಗಾಯವನ್ನು ತೊಳೆದ ಮೇಲೆ ಈ ಮಾತೇ ಇಲ್ಲ. ಆಮೇಲೆ ಎಲ್ ಆಕಾರದ ಅಳತೆಪಟ್ಟಿಯನ್ನು ಗಾಯದ ಮಟ್ಟದಲ್ಲೇ ಇಟ್ಟು, ಕ್ಯಾಮೆರಾವನ್ನು ನೇರವಾಗಿ ಮೇಲೆ ಹಿಡಿದು ಫೋಟೊ. ಯಾರ ಹಲ್ಲು ಎಂದು ಹೇಳುವ ಕೆಲಸವನ್ನು ಡಿಎನ್‌ಎಗೆ ಬಿಡಬೇಕು.

ತುಟಿಯಚ್ಚು ಮತ್ತು ಅಂಗುಳದ ಗೆರೆಗಳ ವಿಷಯದಲ್ಲಿ ಇನ್ನೂ ಕಡಿಮೆ ಸಮಯ ಕಳೆಯಿರಿ. ಅವುಗಳ ವರ್ಗೀಕರಣವನ್ನು ಬಾಯಿಪಾಠ ಮಾಡಿಸುವುದರಿಂದ ಪ್ರಶ್ನೆಪತ್ರಿಕೆ ತಯಾರಿಸುವವರಿಗಲ್ಲದೆ ಬೇರಾರಿಗೂ ಉಪಯೋಗವಿಲ್ಲ ಎಂಬುದು ನನ್ನ ಅನಿಸಿಕೆ. ಆ ವೇಳೆಯನ್ನು ಅಣಕು ವಿಚಾರಣೆಗೆ ಕೊಡಿ. ವಿದ್ಯಾರ್ಥಿ ತನ್ನ ವರದಿಯನ್ನು ಹಿಡಿದು ನಿಲ್ಲಲಿ, ಇನ್ನೊಬ್ಬ ಪಾಟಿ ಸವಾಲು ಮಾಡಲಿ. ‘ಇದು ನೂರಕ್ಕೆ ನೂರು ಖಚಿತವೇ?’, ‘ಮರಣಪೂರ್ವ ಕಡತವನ್ನು ನೋಡುವ ಮೊದಲೇ ಇದು ಯಾರ ದೇಹವೆಂದು ಪೊಲೀಸರು ನಿಮಗೆ ಹೇಳಿದ್ದರೇ?’ ಎಂಬ ಎರಡು ಪ್ರಶ್ನೆಗಳೇ ಸಾಕು. ಎರಡನೆಯದಕ್ಕೆ ಹೌದು ಎಂಬ ಉತ್ತರ ಬಂದರೆ, ದೇಹದ ಚಾರ್ಟನ್ನು ಬರೆದು ಮುಗಿಸುವವರೆಗೆ ಕಡತವನ್ನು ಏಕೆ ತೆರೆಯಬಾರದೆಂಬ ಚರ್ಚೆ ತಾನಾಗಿ ಹುಟ್ಟುತ್ತದೆ.

ಉತ್ತರ — ಇತ್ತೀಚೆಗೆ ಪದವಿ ಮುಗಿಸಿದ ದಂತವೈದ್ಯೆ

ಹಿರಿಯರ ನಡುವೆ ವಿದ್ಯಾರ್ಥಿಗಳ ಪರವಾಗಿ ಎರಡು ಮಾತು ಹೇಳಲು ಅನುಮತಿ ಕೋರುತ್ತೇನೆ. ಶವಾಗಾರದ ಭೇಟಿಗೆ ಅವಕಾಶ ಸಿಕ್ಕರೆ ದಯವಿಟ್ಟು ಬಿಡಬೇಡಿ, ಆದರೆ ಅದನ್ನು ಕಡ್ಡಾಯ ಮಾಡಬೇಡಿ. ಅಂಗರಚನಾಶಾಸ್ತ್ರದ ತರಗತಿಯಲ್ಲಿ ನೋಡಿದ ದೇಹಕ್ಕೂ ಅಪಘಾತದಲ್ಲಿ ಸತ್ತವರ ದೇಹಕ್ಕೂ ಬಹಳ ಅಂತರವಿದೆ, ವಿಶೇಷವಾಗಿ ಮನೆಯಲ್ಲಿ ಇತ್ತೀಚೆಗೆ ಸಾವು ಕಂಡ ವಿದ್ಯಾರ್ಥಿಗಳಿಗೆ. ಏನು ಕಾಣುತ್ತದೆ, ಯಾವ ವಾಸನೆ ಇರುತ್ತದೆ, ತಡೆಯಲಾಗದಿದ್ದರೆ ಯಾರಿಗೂ ಕಾರಣ ಹೇಳದೆ ಹೊರಗೆ ಹೋಗಬಹುದು ಎಂಬುದನ್ನು ಹಿಂದಿನ ದಿನವೇ ತಿಳಿಸಿದರೆ ಬಹಳ ಸಹಾಯವಾಗುತ್ತದೆ. ಮುಗಿದ ಮೇಲೆ ಎಲ್ಲರೂ ಕುಳಿತು ಮಾತಾಡಲು ವೇಳೆ ಇಡಬೇಕು. ಸ್ಲೈಡ್‌ಗಳಲ್ಲಿ ಮೃತರ ಮುಖ ಕಾಣುವ ಫೋಟೊಗಳನ್ನು ತೋರಿಸುವ ರೂಢಿಯನ್ನು ನಿಲ್ಲಿಸಬಹುದೇ ಎಂದೂ ಯೋಚಿಸಿ. ಹಲ್ಲನ್ನು ತೋರಿಸಲು ಮುಖ ಬೇಕಾಗಿಲ್ಲ, ಮತ್ತು ತರಗತಿಯಲ್ಲಿ ಫೋನುಗಳು ಎಲ್ಲರ ಕೈಯಲ್ಲೂ ಇರುತ್ತವೆ.

ಕ್ಲಿನಿಕ್ ನಡೆಸಲು ತೊಡಗಿದ ಮೇಲೆ ನನಗೆ ಉಪಯೋಗಕ್ಕೆ ಬಂದ ಇನ್ನೊಂದು ಅಂಶವೆಂದರೆ ಹಲ್ಲಿನ ಸೆಟ್‌ಗಳ ಮೇಲೆ ಹೆಸರು ನಮೂದಿಸುವುದು. ಹೆಸರು ಅಥವಾ ಗುರುತಿನ ಸಂಖ್ಯೆ ಬರೆದ ಚಿಕ್ಕ ಪಟ್ಟಿಯನ್ನು ಪಾರದರ್ಶಕ ಅಕ್ರಿಲಿಕ್‌ನ ಕೆಳಗೆ, ನಾಲಿಗೆಯ ಕಡೆಗೆ ಸೇರಿಸುವ ಕೆಲಸ ಪ್ರೊಸ್ತೊಡಾಂಟಿಕ್ಸ್ (ಕೃತಕ ಹಲ್ಲುಗಳ ವಿಭಾಗದ) ಲ್ಯಾಬ್‌ನಲ್ಲಿ ಹೇಗೂ ಸೆಟ್ ತಯಾರಿಸುವಾಗಲೇ ಕಲಿಯಬಹುದಾದದ್ದು. ವೃದ್ಧಾಶ್ರಮಗಳಲ್ಲಿ ಸೆಟ್‌ಗಳು ಅದಲುಬದಲಾಗುವುದನ್ನು ತಪ್ಪಿಸಲೂ ಇದು ನೆರವಾಗುತ್ತದೆ, ಆದ್ದರಿಂದ ರೋಗಿಗಳು ಸಂತೋಷದಿಂದಲೇ ಒಪ್ಪುತ್ತಾರೆ.

ಉತ್ತರ — ಮಕ್ಕಳ ದಂತವೈದ್ಯೆ, ಬೋಧಕಿ

ಈ ಚರ್ಚೆಯಲ್ಲಿ ಬದುಕಿರುವವರು ಇದುವರೆಗೆ ಬಂದಿಲ್ಲ. ಸಾಮಾನ್ಯ ದಂತವೈದ್ಯರು ನಿಜವಾಗಿ ಎದುರಿಸುವ ಫೊರೆನ್ಸಿಕ್ ಸಂದರ್ಭವೆಂದರೆ ಕುರ್ಚಿಯಲ್ಲಿ ಕುಳಿತಿರುವ, ಯಾರೋ ಹೊಡೆದಿರಬಹುದಾದ ಮಗು. ದೌರ್ಜನ್ಯಕ್ಕೆ ಒಳಗಾದ ಮಕ್ಕಳ ಗಾಯಗಳಲ್ಲಿ ದೊಡ್ಡ ಪಾಲು ತಲೆ, ಮುಖ, ಕುತ್ತಿಗೆಗಳಲ್ಲಿ ಇರುತ್ತದೆ, ಅಂದರೆ ದಂತವೈದ್ಯರ ಕಣ್ಣ ಮುಂದೆಯೇ ಇರುತ್ತದೆ. ಆಡುವಾಗ ಬಿದ್ದ ಮಗುವಿಗೆ ಹಣೆ, ಮೂಗು, ಗದ್ದಗಳ ಮೇಲೆ ತರಚುವುದು ಸಹಜ. ಕಿವಿ, ಕುತ್ತಿಗೆ, ಕೆನ್ನೆಯ ಮೆತ್ತನೆಯ ಭಾಗಗಳಲ್ಲಿ ಕಲೆಯಿದ್ದರೆ, ಇನ್ನೂ ನಡೆಯಲು ಬಾರದ ಕೂಸಿನ ಮೇಲ್ದುಟಿಯನ್ನು ಒಸಡಿಗೆ ಸೇರಿಸುವ ಒಳಪಟ್ಟಿ ಹರಿದಿದ್ದರೆ, ಹೇಳುವ ಕಥೆಗೂ ಗಾಯಕ್ಕೂ ತಾಳೆಯಾಗದಿದ್ದರೆ ನಿಂತು ಯೋಚಿಸಬೇಕು. ಇವುಗಳಲ್ಲಿ ಯಾವ ಒಂದೂ ತಾನಾಗಿ ಸಾಬೀತಲ್ಲ ಎಂಬುದನ್ನೂ ಅಷ್ಟೇ ಒತ್ತಿ ಹೇಳಬೇಕು. ವಿದ್ಯಾರ್ಥಿ ಕಲಿಯಬೇಕಾದದ್ದು ಮಗು ಆಡಿದ ಮಾತನ್ನು ಅದರದೇ ಶಬ್ದಗಳಲ್ಲಿ ಬರೆದುಕೊಳ್ಳುವುದು, ಗಾಯವನ್ನು ಅಳೆದು ಫೋಟೊ ತೆಗೆಯುವುದು, ತನ್ನ ದೇಶದ ಕಾನೂನು ಹೇಳುವವರಿಗೆ ಅನುಮಾನವನ್ನು ತಿಳಿಸುವುದು. ತಪ್ಪಿತಸ್ಥ ಯಾರೆಂದು ಪತ್ತೆಹಚ್ಚುವುದು ಅವನ ಕೆಲಸವಲ್ಲ. ಅದೂ ತಮ್ಮದೇ ಕೆಲಸವೆಂದುಕೊಂಡೇ ಅನೇಕರು ಬಾಯಿ ಬಿಡದೆ ಉಳಿಯುತ್ತಾರೆ.

ವಯಸ್ಸಿನ ಅಂದಾಜಿನ ಬಗ್ಗೆ ಒಂದು ಸಲಹೆ. ಹಲ್ಲು ಹುಟ್ಟುವ ಕಾಲಕ್ಕಿಂತ ಹಲ್ಲು ಬೆಳೆಯುವ ಹಂತ ಹೆಚ್ಚು ನಂಬಲರ್ಹ, ಏಕೆಂದರೆ ಹಾಲುಹಲ್ಲನ್ನು ಬೇಗ ಕಿತ್ತರೂ ಹುಟ್ಟುವ ಕಾಲ ಏರುಪೇರಾಗುತ್ತದೆ. ಡೆಮಿರ್ಜಿಯನ್ 1973ರಲ್ಲಿ ಕೊಟ್ಟ ವಿಧಾನದಲ್ಲಿ ಕೆಳದವಡೆಯ ಎಡಭಾಗದ ಏಳು ಹಲ್ಲುಗಳನ್ನು ಎಂಟು ಹಂತಗಳಲ್ಲಿ ಗುರುತಿಸುತ್ತಾರೆ. ಅದು ಫ್ರೆಂಚ್ ಮೂಲದ ಕೆನಡಾ ಮಕ್ಕಳನ್ನು ಆಧರಿಸಿದ್ದು. ಬೇರೆ ಅನೇಕ ಜನಸಮುದಾಯಗಳಲ್ಲಿ ವಯಸ್ಸನ್ನು ಹೆಚ್ಚಾಗಿ ತೋರಿಸುತ್ತದೆ. ವಿಧಾನದ ಕೋಷ್ಟಕವನ್ನು ಕಲಿಸುವುದರ ಬದಲು ಒಂದೇ ಎಕ್ಸ್-ರೇಗಳ ಗುಂಪನ್ನು ಕೆಲವು ವಾರಗಳ ಅಂತರದಲ್ಲಿ ಎರಡು ಸಲ ಕೊಟ್ಟು ಹಂತಗಳನ್ನು ಬರೆಸಿ. ಎರಡನೆಯ ಸಲ ತಮ್ಮ ಮೊದಲ ಉತ್ತರವನ್ನು ತಾವೇ ಒಪ್ಪದಿರುವುದನ್ನು ಕಂಡಾಗ ವಿದ್ಯಾರ್ಥಿಗಳಿಗೆ ‘ಹನ್ನೆರಡು ವರ್ಷ ನಾಲ್ಕು ತಿಂಗಳು’ ಎಂದು ಬರೆಯುವ ಧೈರ್ಯ ಉಳಿಯುವುದಿಲ್ಲ, ವ್ಯಾಪ್ತಿಯನ್ನು ಕೊಡಲು ಕಲಿಯುತ್ತಾರೆ. ಹದಿನೆಂಟು ತುಂಬಿದೆಯೇ ಎಂಬ ಪ್ರಶ್ನೆಗೆ ಮೂರನೆಯ ದವಡೆಹಲ್ಲನ್ನು ನೋಡುವಾಗ ಈ ಎಚ್ಚರ ಇನ್ನೂ ಮುಖ್ಯ. ಆ ಹಲ್ಲಿನ ಬೆಳವಣಿಗೆ ವ್ಯಕ್ತಿಯಿಂದ ವ್ಯಕ್ತಿಗೆ ಹಲವು ವರ್ಷ ಹೆಚ್ಚುಕಡಿಮೆಯಾಗುತ್ತದೆ, ಕೆಲವರಲ್ಲಿ ಅದು ಹುಟ್ಟುವುದೇ ಇಲ್ಲ, ಮತ್ತು ಒಬ್ಬ ಹುಡುಗನನ್ನು ಯಾವ ಜೈಲಿಗೆ ಕಳಿಸಬೇಕೆಂಬುದು ಅದರ ಮೇಲೆ ನಿಂತಿರಬಹುದು.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಕೇಸ್‌ಶೀಟ್ ಅಭ್ಯಾಸವನ್ನೂ ಅಣಕು ವಿಚಾರಣೆಯನ್ನೂ ಸೇರಿಸಿಕೊಳ್ಳುತ್ತೇನೆ. ಮಕ್ಕಳ ದೌರ್ಜನ್ಯದ ಪಾಠವನ್ನು ಮಕ್ಕಳ ದಂತವೈದ್ಯ ವಿಭಾಗದೊಡನೆ ಜಂಟಿಯಾಗಿ ನಡೆಸುವ ಬಗ್ಗೆ ಮಾತಾಡುತ್ತೇನೆ. ಇನ್ನೆರಡು ಸಂದೇಹಗಳಿವೆ. ಈಗಿನ ಯುವಜನರಲ್ಲಿ ಹಲವರ ಬಾಯಲ್ಲಿ ಒಂದು ಫಿಲ್ಲಿಂಗೂ ಇರುವುದಿಲ್ಲ. 32 ಹಲ್ಲುಗಳೂ ನೆಟ್ಟಗಿರುವ ಚಾರ್ಟಿನಿಂದ ಏನು ಗುರುತು ಸಿಕ್ಕೀತು ಎಂದು ವಿದ್ಯಾರ್ಥಿಗಳು ಕೇಳಿದರೆ ಏನು ಹೇಳಬೇಕು? ಹಾಗೆಯೇ ಇದನ್ನೆಲ್ಲ ಪರೀಕ್ಷಿಸುವುದು ಹೇಗೆ?

ಉತ್ತರ — ವಿಪತ್ತು ಮೃತರ ಗುರುತು ಪತ್ತೆ ತಂಡದಲ್ಲಿರುವ ದಂತವೈದ್ಯ

ಮೇಡಂ, ಅಂಥ ಬಾಯಿಗೆ ಚಾರ್ಟು ಸಾಲದು, ಎಕ್ಸ್-ರೇಯೇ ಬೇಕು. ಬೇರುಗಳ ಬಾಗು, ಹಲ್ಲಿನೊಳಗಿನ ಕುಳಿಯ ಆಕಾರ, ಮೂಳೆಯ ಹೆಣಿಗೆ, ಮೇಲ್ದವಡೆಯ ಸೈನಸ್‌ನ ಅಂಚು ಇವೆಲ್ಲ ಫಿಲ್ಲಿಂಗ್ ಇಲ್ಲದವರಲ್ಲಿಯೂ ತಾಳೆ ನೋಡಲು ಸಿಗುತ್ತವೆ. ಮರಣೋತ್ತರ ಎಕ್ಸ್-ರೇಯನ್ನು ಹಳೆಯದರ ಕೋನದಲ್ಲೇ ತೆಗೆಯಬೇಕು ಎಂಬುದಷ್ಟೇ ಷರತ್ತು. ಹಲ್ಲು ನೇರ ಮಾಡಿಸಿಕೊಂಡವರ ಅಚ್ಚುಗಳು ಮತ್ತು ಬಾಯಿಯ ಡಿಜಿಟಲ್ ಸ್ಕ್ಯಾನ್‌ಗಳು ಇನ್ನೂ ಒಳ್ಳೆಯ ಆಧಾರ. ಏನೂ ಇಲ್ಲದಾಗ ನಗುಮುಖದ ಫೋಟೊದಲ್ಲಿ ಮುಂದಿನ ಹಲ್ಲುಗಳ ಅಂಚು ಕಾಣುತ್ತದೆ. ಅದು ಒಬ್ಬರನ್ನು ಪಟ್ಟಿಯಿಂದ ಹೊರಗಿಡಲು ಹೆಚ್ಚು ನೆರವಾಗುತ್ತದೆ. ಗುರುತು ಖಚಿತಪಡಿಸಲು ಅದನ್ನೇ ನೆಚ್ಚುವುದು ಅಪಾಯ. ಅಗತ್ಯವಿಲ್ಲದ ಎಕ್ಸ್-ರೇಯನ್ನು ಮುಂದೆಂದೋ ಬೇಕಾದೀತೆಂದು ತೆಗೆಯಬಾರದು ಎಂಬುದನ್ನೂ ಇಲ್ಲಿಯೇ ಹೇಳಿಬಿಡಿ, ಉತ್ಸಾಹಿಗಳು ಇರುತ್ತಾರೆ.

ಪರೀಕ್ಷೆಗೆ ನನ್ನ ಸೂಚನೆ ಸರಳವಾದದ್ದು. ಲಿಖಿತ ಪತ್ರಿಕೆಯ ವರ್ಗೀಕರಣ ಪ್ರಶ್ನೆಗಳನ್ನು ತೆಗೆದು, ಪ್ರತಿಯೊಬ್ಬರಿಗೂ ಒಂದು ಮರಣೋತ್ತರ ಚಾರ್ಟು, ಒಂದು ಮರಣಪೂರ್ವ ಕಡತ, ಒಂದೆರಡು ಎಕ್ಸ್-ರೇಗಳನ್ನು ಕೊಟ್ಟು ಒಂದು ಪುಟದ ವರದಿ ಬರೆಸಿ. ಕೆಲವು ಕಡತಗಳಲ್ಲಿ ಸರಿಯಾದ ಉತ್ತರ ‘ಸಾಕಷ್ಟು ಆಧಾರವಿಲ್ಲ’ ಎಂಬುದೇ ಆಗಿರಲಿ, ಅದನ್ನು ಬರೆದವರಿಗೆ ಪೂರ್ಣ ಅಂಕ ಸಿಗಲಿ. ಆಧಾರವಿಲ್ಲದೆ ಖಚಿತ ಗುರುತೆಂದು ಬರೆದವರಿಗೆ, ಅದು ಅದೃಷ್ಟವಶಾತ್ ಸರಿಯಾಗಿದ್ದರೂ, ಅಂಕ ಕೊಡಬೇಡಿ. ಇದರ ಜೊತೆಗೆ ಕ್ಲಿನಿಕ್‌ನಲ್ಲಿ ಆ ವರ್ಷ ಅವರು ಬರೆದ ಕೇಸ್‌ಶೀಟ್‌ಗಳಿಂದ ಯಾವುದಾದರೂ ಒಂದನ್ನು ಮುನ್ಸೂಚನೆಯಿಲ್ಲದೆ ಎತ್ತಿಕೊಂಡು, ಬೇರೊಬ್ಬ ವಿದ್ಯಾರ್ಥಿಗೆ ಚಾರ್ಟು ತುಂಬಲು ಕೊಡಿ. ತುಂಬಲು ಬಂದಷ್ಟು ಭಾಗಕ್ಕೆ ಅಂಕ, ಬರೆದವರ ಹೆಸರಿಗೆ.